ಆಫೀಸಿನ ಗಂಟೆ, ಬೈಕಿನ ಗಂಟೆ

ಶುಕ್ರವಾರ

ರಜೆಗೆ ಹೊರಡುವ ಹಿಂದಿನ ಮಧ್ಯಾಹ್ನ ಆಫೀಸಿನಲ್ಲಿ ಮೂರು ಗಂಟೆ ಬೇಗ ಆಗುತ್ತದೆ. ನಾಲ್ಕು ಆಗುವುದೇ ಇಲ್ಲ. ನಾನು ಕೂತಿದ್ದದ್ದು ಅರ್ಧ ಗಂಟೆಯ ಮೀಟಿಂಗು. ಪರದೆಯ ಮೂಲೆಯಲ್ಲಿ 3:12 ಇತ್ತು. ಒಬ್ಬರು ಒಂದು ಸ್ಲೈಡ್ ವಿವರಿಸಿದರು. ಇನ್ನೊಬ್ಬರು ಅದೇ ಸ್ಲೈಡನ್ನು ಬೇರೆ ಮಾತಿನಲ್ಲಿ ವಿವರಿಸಿದರು. ಮತ್ತೆ ಮೂಲೆಗೆ ಕಣ್ಣು ಹಾಕಿದೆ. 3:14.

ಬೋರಾಗಿತ್ತು, ಅದಕ್ಕೇ ಹೀಗೆ ಅಂದುಬಿಡಬಹುದು. ಅದಷ್ಟೇ ಅಲ್ಲ. ಸಮಯದ ಮೇಲೆ ಗಮನ ಇಟ್ಟಷ್ಟೂ ಅದು ಉದ್ದವಾಗುತ್ತದೆ. ಮನಶ್ಶಾಸ್ತ್ರದವರು ಇದನ್ನು ತುಂಬ ಸಲ ಪರೀಕ್ಷಿಸಿ ನೋಡಿದ್ದಾರೆ. 'ಕೊನೆಗೆ ಎಷ್ಟು ಹೊತ್ತಾಯಿತು ಅಂತ ಕೇಳುತ್ತೇವೆ' ಎಂದು ಮೊದಲೇ ಹೇಳಿ ಜನರಿಗೆ ಒಂದು ಕೆಲಸ ಕೊಡುತ್ತಾರೆ. ಕೆಲಸ ಕಷ್ಟದ್ದಾದರೆ ಗಮನವೆಲ್ಲ ಅದಕ್ಕೇ ಹೋಗಿ, ಹೊತ್ತು ಕಮ್ಮಿ ಆದಂತೆ ಅನಿಸುತ್ತದೆ. ಸುಲಭದ್ದಾದರೆ ಉಳಿದ ಗಮನ ಗಡಿಯಾರವನ್ನೇ ಕಾಯುತ್ತದೆ. ಆ ಮೀಟಿಂಗಿನಲ್ಲಿ ನನ್ನ ಪಾಲಿನ ಕೆಲಸ ತಲೆಯಾಡಿಸುವುದು. ಗಮನ ಧಾರಾಳವಾಗಿ ಉಳಿದಿತ್ತು.

ಸಂಜೆ ಬೈಕಿನ ಪಕ್ಕ ನೆಲದ ಮೇಲೆ ಕೂತೆ. ಗಾಳಿ, ಬ್ರೇಕ್ ಪ್ಯಾಡು, ಕ್ಲಚ್ ಕೇಬಲ್ಲು, ಲೈಟು ನೋಡಬೇಕಿತ್ತು. ಚೈನಿನ ಸಡಿಲ ನೋಡಿದೆ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಚೈನಿನ ಒಳಬದಿಗೆ ಲ್ಯೂಬ್ ಹೊಡೆದೆ. ಒಳಬದಿಗೆ ಹೊಡೆದರೆ ಚಕ್ರ ಓಡುವಾಗ ಅದು ತಾನಾಗಿ ಹೊರಕ್ಕೆ ಹರಡುತ್ತದೆ. ಬ್ಯಾಗು ಕಟ್ಟಿದೆ. ಒಂದು ಕಡೆ ವಾಲಿತು. ಬಿಚ್ಚಿ ಮತ್ತೆ ಕಟ್ಟಿದೆ. ತಲೆ ಎತ್ತಿದರೆ ಒಂಬತ್ತೂವರೆ. ಈ ಮೂರು ಗಂಟೆಯನ್ನೂ ಮಧ್ಯಾಹ್ನದ ಆ ಎರಡು ನಿಮಿಷವನ್ನೂ ಅಳೆದದ್ದು ಒಂದೇ ಗಡಿಯಾರ. ನಂಬಲು ಸ್ವಲ್ಪ ಕಷ್ಟ.

ಶನಿವಾರ

ಕತ್ತಲಿರುವಾಗಲೇ ಹೊರಟೆವು. ನಾನೊಂದು ಬೈಕು, ಗೆಳೆಯನದೊಂದು. ಮೊದಲ ಗಂಟೆಯಲ್ಲಿ ಮೈಯೆಲ್ಲ ಕಣ್ಣು. ತಣ್ಣನೆ ಗಾಳಿ ಜಾಕೆಟ್ಟಿನ ಕಾಲರಿನಲ್ಲಿ ಎಲ್ಲಿಂದ ನುಗ್ಗುತ್ತದೆ ಅಂತಲೂ ಗೊತ್ತಾಗುತ್ತದೆ. ಹಳ್ಳದ ಪಕ್ಕ ಹೋದರೆ ಚಳಿ ಏಕಾಏಕಿ ಜಾಸ್ತಿಯಾಗುತ್ತದೆ, ದಾಟಿದರೆ ಕಮ್ಮಿಯಾಗುತ್ತದೆ. ಕಾರಿನೊಳಗೆ ಕೂತವರಿಗೆ ಇದು ತಿಳಿಯುವುದಿಲ್ಲ. ಹುಲ್ಲು ಕೊಯ್ದ ವಾಸನೆ, ಡೀಸೆಲ್ ವಾಸನೆ, ಒದ್ದೆ ಮಣ್ಣಿನ ವಾಸನೆ ಒಂದರ ಹಿಂದೊಂದು ಬಂದವು. ಬೆಳಕು ಹರಿಯುವ ಹೊತ್ತಿಗೆ ಎಷ್ಟೋ ದೂರ ಬಂದಿದ್ದೇವೆ ಅನಿಸಿತು. ಟ್ರಿಪ್ ಮೀಟರ್ ನೋಡಿದರೆ ಐವತ್ತೂ ದಾಟಿರಲಿಲ್ಲ.

ಪೆಟ್ರೋಲ್ ಹಾಕಿಸಲು ನಿಂತಾಗ ಗೆಳೆಯ ಶುರುಮಾಡಿದ.

"ಎಂಬತ್ತರಲ್ಲೇ ಉರುಳಿಸ್ತಾ ಇದ್ದೀಯಲ್ಲೋ. ನೂರರಲ್ಲಿ ಹೋದ್ರೆ ಬೇಗ ತಲುಪ್ತೀವಿ."

"ಬೇಗ ತಲುಪಿ ಏನ್ ಮಾಡ್ತೀಯ?"

"ತಲುಪಿದ್ಮೇಲೆ ಯೋಚ್ನೆ ಮಾಡೋಣ."

ಲೆಕ್ಕ ನನ್ನ ಕಡೆಗಿತ್ತು. 100 ಕಿಲೋಮೀಟರ್ ದಾರಿಯನ್ನು ಗಂಟೆಗೆ 40ರ ವೇಗದಲ್ಲಿ ಹೋದರೆ ಎರಡೂವರೆ ಗಂಟೆ ಬೇಕು. 50ರಲ್ಲಿ ಹೋದರೆ ಎರಡು ಗಂಟೆ ಸಾಕು. ವೇಗ ಹತ್ತು ಹೆಚ್ಚಿತು, ಅರ್ಧ ಗಂಟೆ ಉಳಿಯಿತು. ಅದೇ ದಾರಿಯಲ್ಲಿ 80 ಇದ್ದದ್ದನ್ನು 90 ಮಾಡಿದರೆ ಉಳಿಯುವುದು ಎಂಟು ನಿಮಿಷ ಚಿಲ್ಲರೆ. ವೇಗ ಏರಿದಂತೆಲ್ಲ ಸಮಯದ ಲಾಭ ಕರಗುತ್ತ ಹೋಗುತ್ತದೆ. ನಮ್ಮ ಮನಸ್ಸು ಮಾತ್ರ ಎಲ್ಲ ಹತ್ತನ್ನೂ ಒಂದೇ ಅಂತ ಎಣಿಸುತ್ತದೆ. ಅವನು ಹೇಳಿದಂತೆ ನೂರು ಹಿಡಿದರೆ ಪ್ರತಿ 100 ಕಿಲೋಮೀಟರಿಗೆ ಹದಿನೈದು ನಿಮಿಷ ಉಳಿಯುತ್ತದೆ, ನಿಜ. ಆದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುವುದು. ಅವನು ಪೂರ್ತಿ ಕೇಳಿಸಿಕೊಂಡು, "ಸರಿ, ತೊಂಬತ್ತು" ಅಂದ. ತರಕಾರಿ ಚೌಕಾಸಿ ಮಾಡಿದ ಹಾಗೆ.

ಹನ್ನೊಂದಕ್ಕೆ ದೊಡ್ಡ ಹೆದ್ದಾರಿ ಹಿಡಿದೆವು. ನೇರ, ಅಗಲ, ನುಣುಪು. ಅಲ್ಲಿಂದ ಮಧ್ಯಾಹ್ನ ಮೂರರವರೆಗೆ ಅದೇ. ಈ ನಾಲ್ಕು ಗಂಟೆಯ ಬಗ್ಗೆ ಬರೆಯಲು ಕೂತರೆ ನನ್ನ ಬಳಿ ಏನೂ ಇಲ್ಲ. ಮೇಲಿನ ಗೇರು, ಒಂದೇ ಸದ್ದು, ಹ್ಯಾಂಡಲ್ಲಿನ ಒಂದೇ ನಡುಕ, ಮಧ್ಯದ ಬಿಳಿ ಗೆರೆಗಳು. ಬಳಲಿದವರಿಗೆ ಇಂಥ ರಸ್ತೆಯಲ್ಲಿ ಕಣ್ಣು ತೆರೆದಿದ್ದರೂ ಗಮನ ತಪ್ಪುತ್ತದೆ. ಹೈವೇ ಹಿಪ್ನೋಸಿಸ್ ಅನ್ನುವುದು ಅದಕ್ಕೇ. ಗಂಟೆಗೆ 90 ಅಂದರೆ ಸೆಕೆಂಡಿಗೆ 25 ಮೀಟರ್. ಕಣ್ಣು ಮಿಟುಕಿಸಲು ಕಾಲು ಸೆಕೆಂಡ್ ಹಿಡಿದರೂ ಆರು ಮೀಟರ್ ಕುರುಡಾಗಿ ಹೋಗಿರುತ್ತೇವೆ. ಅದಕ್ಕೆ ಗಂಟೆಗೊಮ್ಮೆ ನಿಲ್ಲುತ್ತಿದ್ದೆವು. ನಿಂತದ್ದು ಎಲ್ಲೆಲ್ಲಿ ಅಂತ ಕೇಳಬೇಡಿ.

ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿದಾಗ ಇನ್ನೊಂದು ತಮಾಷೆ. ನಡೆದುಕೊಂಡು ಹೋದ ಹಾಗೆ ಅನಿಸುತ್ತಿತ್ತು. ಮೀಟರ್ ನೋಡಿದೆ, 60. ಕಣ್ಣು ಒಂದೇ ವೇಗಕ್ಕೆ ಹೊಂದಿಕೊಂಡುಬಿಟ್ಟರೆ ಅದಕ್ಕಿಂತ ಕಮ್ಮಿಯದ್ದೆಲ್ಲ ತೆವಳುವುದೇ. ಹೆದ್ದಾರಿಯಿಂದ ಇಳಿದ ಮೊದಲ ತಿರುವಿನಲ್ಲಿ ಜನ ಜಾರಿ ಬೀಳುವುದರಲ್ಲಿ ಇದರ ಪಾಲೂ ಇದೆ. ಅಂಥ ಕಡೆ ಅಂದಾಜನ್ನು ನಂಬಬಾರದು. ಮೀಟರ್ ನೋಡಬೇಕು.

ರಾತ್ರಿ ಮಲಗಿದಾಗ ಒಂದು ವಿಚಿತ್ರ ಕಂಡಿತು. ಬೆಳಗಿನ ಆ ಒಂದು ಗಂಟೆ ನೆನಪಿನಲ್ಲಿ ಅರ್ಧ ದಿನದಷ್ಟು ಜಾಗ ಹಿಡಿದಿದೆ. ಹೆದ್ದಾರಿಯ ನಾಲ್ಕು ಗಂಟೆ ಒಂದು ಚಿತ್ರದಷ್ಟೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಬಗೆಬಗೆಯ ಅನುಭವ ತುಂಬಿದ ಹೊತ್ತು ಕಳೆಯುವಾಗ ಚಿಕ್ಕದು, ಆಮೇಲೆ ತಿರುಗಿ ನೋಡಿದರೆ ಉದ್ದ. ಖಾಲಿ ಹೊತ್ತು ಕಳೆಯುವಾಗ ಉದ್ದ, ನೆನಪಿನಲ್ಲಿ ಚಿಕ್ಕದು. ಅಂದರೆ ನಮ್ಮೊಳಗೆ ಎರಡು ಅಳತೆಗಳಿವೆ. ಒಂದು ಆ ಕ್ಷಣದಲ್ಲಿ ಅಳೆಯುತ್ತದೆ, ಇನ್ನೊಂದು ಆಮೇಲೆ ನೆನಪನ್ನು ಎಣಿಸಿ ಅಂದಾಜು ಮಾಡುತ್ತದೆ. ಎರಡೂ ಹೆಚ್ಚುಕಮ್ಮಿ ಯಾವಾಗಲೂ ಜಗಳದಲ್ಲಿರುತ್ತವೆ.

ನನಗೆ ಅಲ್ಲಿ ಒಂದು ತೊಡಕು ಕಂಡಿತು. ಹೆದ್ದಾರಿಯ ನಾಲ್ಕು ಗಂಟೆ ಕಳೆಯುವಾಗಲೂ ಉದ್ದ ಇರಲಿಲ್ಲ, ಆಮೇಲೂ ಇಲ್ಲ. ಎರಡೂ ಕಡೆ ನಷ್ಟ. ಮೀಟಿಂಗಾದರೂ ಕಳೆಯುವಾಗ ಉದ್ದ ಇತ್ತು.

ಭಾನುವಾರ

ಬೆಟ್ಟದ ರಸ್ತೆ ಬೆಳಿಗ್ಗೆ ಏಳಕ್ಕೇ ಶುರುವಾಯಿತು. ಕಿಲೋಮೀಟರ್ ಲೆಕ್ಕದಲ್ಲಿ ಇಡೀ ಪ್ರವಾಸದ ಅತಿ ಚಿಕ್ಕ ದಿನ ಇದು. ನಾನು ಜಾಸ್ತಿ ಬರೆಯುವುದೂ ಇದರ ಬಗ್ಗೆಯೇ.

ಹೇರ್‌ಪಿನ್ ತಿರುವಿನಲ್ಲಿ ಬೇರೆ ಯೋಚನೆಗೆ ಜಾಗ ಇರುವುದಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸಬೇಕು. ಗೇರು ಇಳಿಸಬೇಕು. ಕ್ಲಚ್ ಬಿಡುವಾಗ ಹಿಂದಿನ ಚಕ್ರ ಜಗ್ಗಬಾರದು. ಆಮೇಲೆ ಕಣ್ಣು. ಬೈಕು ನಾವು ನೋಡಿದ ಕಡೆ ಹೋಗುತ್ತದೆ. ಹೊಂಡವನ್ನೇ ನೋಡಿದರೆ ಹೊಂಡಕ್ಕೇ ಹೋಗುತ್ತದೆ. ತಿರುವಿನ ಆಚೆ ತುದಿ ನೋಡಿದರೆ ಅಲ್ಲಿಗೆ ಹೋಗುತ್ತದೆ. ಬಲಕ್ಕೆ ಬಾಗಬೇಕಾದರೆ ಬಲಗೈ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಹೊಸಬರಿಗೆ ಹೇಳಿದರೆ ನಂಬುವುದಿಲ್ಲ, ಅವರ ಕೈ ಮಾತ್ರ ಅದನ್ನೇ ಮಾಡುತ್ತಿರುತ್ತದೆ. ಬಾಗಿರುವಾಗ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯಬಾರದು. ರಸ್ತೆ ಅಂಚಿನಲ್ಲಿ ಜಲ್ಲಿ ಇದೆಯಾ ನೋಡಬೇಕು. ಎದುರಿನಿಂದ ಬರುವ ಲಾರಿ ಎಷ್ಟು ಅಗಲಕ್ಕೆ ಬರುತ್ತದೆ ಅಂತ ಅದರ ಸದ್ದಿನಲ್ಲೇ ಅಂದಾಜು ಮಾಡಬೇಕು. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ, ಅದು ಹಿಂದಿನದರ ಹಾಗೆ ಇರುವುದಿಲ್ಲ.

ಒಂದು ಎಡ ತಿರುವಿನ ಕೊನೆಯಲ್ಲಿ ಪೊದೆಯಿಂದ ನಾಯಿ ಹಾರಿ ರಸ್ತೆಗೆ ಬಂತು. ಬೈಕು ಆಗಷ್ಟೇ ನೇರವಾಗಿತ್ತು. ಎರಡೂ ಬ್ರೇಕು ಹಿಡಿದೆ. ಆಮೇಲೆ ನಡೆದದ್ದು ತೀರ ನಿಧಾನ. ನಾಯಿಯ ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ಮಡಚಿತ್ತು. ಅದರ ಹಿಂಗಾಲಿನ ಕೆಳಗೆ ಸಣ್ಣ ಕಲ್ಲುಗಳು ಜಾರಿದವು. ನನ್ನ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲಿದ್ದದ್ದು ಕಂಡಿತು. ನಾಯಿ ನನ್ನನ್ನು ಒಮ್ಮೆ ನೋಡಿ, ಬಂದ ದಾರಿಗೇ ವಾಪಸ್ ಹೋಯಿತು. ಹಿಂದೆ ಬರುತ್ತಿದ್ದ ಗೆಳೆಯ, "ಒಂದು ಸೆಕೆಂಡಲ್ಲಿ ಎಲ್ಲ ಮುಗೀತು" ಅಂದ. ನನಗೆ ಅದು ಒಂದು ಸೆಕೆಂಡ್ ಆಗಿರಲು ಸಾಧ್ಯವೇ ಇರಲಿಲ್ಲ.

ಅಪಾಯದಲ್ಲಿ ಕಾಲ ನಿಜಕ್ಕೂ ನಿಧಾನವಾಗುತ್ತದಾ? ಇದನ್ನು ಪರೀಕ್ಷಿಸಿದವರಿದ್ದಾರೆ. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗೆ ಮಾಡಿ ಬಲೆಯೊಳಕ್ಕೆ ಬೀಳಿಸಿದರು. ಕೈಗೆ ವಾಚಿನಂಥ ಒಂದು ಯಂತ್ರ ಕಟ್ಟಿದ್ದರು. ಅದರಲ್ಲಿ ಅಂಕಿಗಳು ಎಷ್ಟು ಬೇಗ ಮಿನುಗುತ್ತಿದ್ದವು ಅಂದರೆ ಸಾಮಾನ್ಯವಾಗಿ ಓದಲು ಆಗುತ್ತಿರಲಿಲ್ಲ. ಕಾಲ ನಿಜಕ್ಕೂ ನಿಧಾನವಾದರೆ ಬೀಳುವಾಗ ಓದಲು ಬರಬೇಕಲ್ವಾ? ಬರಲಿಲ್ಲ. ಆದರೆ ಇನ್ನೊಬ್ಬರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಸುಮಾರು 36 ಶೇಕಡಾ ಜಾಸ್ತಿ ಹೊತ್ತು ಅಂತ ಅವರ ಸರಾಸರಿ ಅಂದಾಜು. ಭಯದಲ್ಲಿ ಮನಸ್ಸು ಎಲ್ಲವನ್ನೂ ಒತ್ತೊತ್ತಾಗಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಓದುವಾಗ ಬರಹ ಉದ್ದ ಅನಿಸುತ್ತದೆ. ನಾಯಿಯ ಕಿವಿ ನನಗೆ ನಿಧಾನವಾಗಿ ಕಂಡಿರಲಿಲ್ಲ. ನಿಧಾನವಾಗಿ ನೆನಪಾಗುತ್ತಿತ್ತು. ವಿವರಣೆ ಸರಿಯಿರಬಹುದು. ಆ ತಿರುವಿನಲ್ಲಿ ನಿಂತು ಕೈ ನಡುಗುತ್ತಿರುವಾಗ ಈ ವ್ಯತ್ಯಾಸ ಅಷ್ಟೇನೂ ದೊಡ್ಡದು ಅನಿಸಲಿಲ್ಲ.

ಮಧ್ಯಾಹ್ನ ಬೆಟ್ಟದ ನೆತ್ತಿಗೆ ಬಂದೆವು. ಇಲ್ಲಿ ಒಂದು ವಿಷಯ ಹೇಳದೆ ಇರಲಾರೆ. ಮನಸ್ಸಿನ ಮಾತು ಬಿಡಿ, ಗಡಿಯಾರವೇ ಬೆಟ್ಟದ ಮೇಲೆ ಬೇರೆ ವೇಗದಲ್ಲಿ ಓಡುತ್ತದೆ. ಐನ್‌ಸ್ಟೈನ್ ಹೇಳಿದ್ದು ಎರಡು ಮಾತು. ಓಡುವ ಗಡಿಯಾರ ನಿಧಾನ. ಎತ್ತರದಲ್ಲಿರುವ ಗಡಿಯಾರ ಬೇಗ. 2010ರಲ್ಲಿ ಅಮೆರಿಕದ ಅಳತೆ ಮತ್ತು ಮಾನಕಗಳ ಸಂಸ್ಥೆಯವರು ಎರಡು ಪರಮಾಣು ಗಡಿಯಾರಗಳಲ್ಲಿ ಒಂದನ್ನು ಬರೀ 33 ಸೆಂಟಿಮೀಟರ್ ಮೇಲೆತ್ತಿ ಆ ವ್ಯತ್ಯಾಸವನ್ನು ಅಳೆದರು. ಗಂಟೆಗೆ 36 ಕಿಲೋಮೀಟರಿಗಿಂತ ಕಮ್ಮಿ ವೇಗದಲ್ಲೂ ಚಲನೆಯ ಪರಿಣಾಮ ಅಳೆದರು. ಅಂದರೆ ಬೈಕಿನ ವೇಗ ಸಾಕು.

ಕೂತು ಲೆಕ್ಕ ಹಾಕಿದೆ. ಗಂಟೆಗೆ 90ರಲ್ಲಿ ಎಂಟು ಗಂಟೆ ಓಡಿಸಿದರೆ ನನ್ನ ಗಡಿಯಾರ ನಿಂತವರ ಗಡಿಯಾರಕ್ಕಿಂತ ಒಂದು ನ್ಯಾನೊಸೆಕೆಂಡಿನ ಹತ್ತನೇ ಒಂದರಷ್ಟು ಹಿಂದೆ ಬೀಳುತ್ತದೆ. ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಅದೇ ಎಂಟು ಗಂಟೆ ಸುಮ್ನೆ ಒಂದು ಸಾವಿರ ಮೀಟರ್ ಎತ್ತರದಲ್ಲಿ ಕೂತರೆ ಕೆಳಗಿನವರಿಗಿಂತ ಸುಮಾರು ಮೂರು ನ್ಯಾನೊಸೆಕೆಂಡ್ ಮುಂದೆ ಹೋಗುತ್ತೇನೆ. ಓಡಿ ಉಳಿಸಿದ್ದಕ್ಕಿಂತ ಹತ್ತಿ ಕಳೆದದ್ದೇ ಮೂವತ್ತು ಪಟ್ಟು.

ಗೆಳೆಯ ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರೆ ಕೆಳಗೆ ಆಫೀಸಲ್ಲಿ ಕೂತೋರಿಗಿಂತ ನಮಗೇ ಬೇಗ ವಯಸ್ಸಾಗ್ತಿದೆ."

"ಹೌದು."

"ಇಳಿಯೋಣ ನಡಿ."

ಇಳಿಯುವ ದಾರಿ ಹತ್ತಿದ ದಾರಿಗಿಂತ ಕಷ್ಟ. ಎರಡನೇ ಗೇರಿನಲ್ಲಿ ಇಂಜಿನ್ನೇ ಬೈಕನ್ನು ಹಿಡಿದುಕೊಳ್ಳಬೇಕು. ಬರೀ ಬ್ರೇಕ್ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಬೆಟ್ಟದ ಬುಡ ತಲುಪಿದಾಗ ಮಂಡಿ, ಮಣಿಕಟ್ಟು ಎರಡೂ ನೋಯುತ್ತಿದ್ದವು. ಟ್ರಿಪ್ ಮೀಟರ್ 140 ತೋರಿಸುತ್ತಿತ್ತು. ಹೆದ್ದಾರಿಯಲ್ಲಾದರೆ ಅದು ಎರಡು ಗಂಟೆಯ ಮಾತು. ಬೆಳಿಗ್ಗೆ ಬಿಟ್ಟ ಊರು ಹೋದ ವಾರ ನೋಡಿದ ಹಾಗಿತ್ತು.

ಸೋಮವಾರ

ಹತ್ತು ಗಂಟೆಗೆ ಜೇಬಿನಲ್ಲಿ ಫೋನು ನಡುಗಿತು. ವಾರದ ಮೀಟಿಂಗಿನ ನೆನಪೋಲೆ. ಆಗ ನಾನು ರಸ್ತೆ ಪಕ್ಕ ಮಂಡಿಯೂರಿ ಹಿಂದಿನ ಟೈರಿನಲ್ಲಿ ಮೊಳೆ ಹುಡುಕುತ್ತಿದ್ದೆ.

ಟ್ಯೂಬ್‌ಲೆಸ್ ಟೈರಿನ ಒಳ್ಳೆಯ ಗುಣ ಅಂದರೆ ಪಂಕ್ಚರ್ ಆದ ಕೂಡಲೇ ಕೂತುಬಿಡುವುದಿಲ್ಲ. ನಿಧಾನವಾಗಿ ಗಾಳಿ ಬಿಡುತ್ತದೆ, ಹಿಂಬದಿ ತೇಲಿದ ಹಾಗೆ ಆಗುತ್ತದೆ. ಮೊಳೆ ಸಿಕ್ಕಿತು. ಇಕ್ಕಳದಿಂದ ಕಿತ್ತೆ. ಸೂಜಿಯಂಥ ಅರ ತೂರಿಸಿ ತೂತನ್ನು ಒರಟು ಮಾಡಿದೆ. ಅಂಟಿನ ಸ್ಟ್ರಿಪ್ ಪೋಣಿಸಿ ಒಳಕ್ಕೆ ಒತ್ತಿ, ಸೂಜಿ ಎಳೆದೆ. ಉಳಿದ ಬಾಲ ಕತ್ತರಿಸಿದೆ. ಆಮೇಲೆ ಕೈಪಂಪು. ಗೆಳೆಯ, ನಾನು ಸರದಿ ಮೇಲೆ ಒತ್ತಿದೆವು. ತೂತಿನ ಮೇಲೆ ಸ್ವಲ್ಪ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿದೆವು. ಬರಲಿಲ್ಲ.

ಎಲ್ಲ ಮುಗಿದಾಗ ಹತ್ತೂವರೆ ದಾಟಿತ್ತು. ಆ ಮೀಟಿಂಗೂ ಅಷ್ಟೇ ಹೊತ್ತಿನದು. ಅದು ಅಲ್ಲಿ ನಾನಿಲ್ಲದೆ ನಡೆದು ಮುಗಿದಿರುತ್ತದೆ. ಅದೇ ಅರ್ಧ ಗಂಟೆಯಲ್ಲಿ ಇಲ್ಲಿ ಒಂದು ಟೈರು ಸತ್ತು ಬದುಕಿತು. ಇದನ್ನು ಕೆಲಸಕ್ಕಿಂತ ಬೈಕು ದೊಡ್ಡದು ಅನ್ನಲು ಹೇಳುತ್ತಿಲ್ಲ. ಪಂಕ್ಚರ್ ಹಾಕುವುದೂ ಕೆಲಸವೇ. ದಿನಕ್ಕೆ ಇಪ್ಪತ್ತು ಪಂಕ್ಚರ್ ಹಾಕುವವರಿಗೆ ಈ ಅರ್ಧ ಗಂಟೆ ನನ್ನ ಮೀಟಿಂಗಿನ ಹಾಗೇ ಇರುತ್ತದೆ, ಬಹುಶಃ.

ಮಧ್ಯಾಹ್ನ ಮಳೆ ಹಿಡಿಯಿತು. ಮೊದಲ ಹನಿಗಳಲ್ಲಿ ರಸ್ತೆ ಅತಿ ಜಾರು. ಒಣ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನೊಡನೆ ಸೇರಿ ಪಸೆಯಾಗುತ್ತದೆ. ಮುಚ್ಚಿದ ಒಂದು ಶೆಡ್ಡಿನ ಮಾಡಿನ ಕೆಳಗೆ ನಿಂತೆವು. ಎದುರಿಗೆ ಬರೀ ಬಿಳಿ ಪರದೆ. ಫೋನಿನ ಚಾರ್ಜ್ ಉಳಿಸಬೇಕು ಅಂತ ಆಫ್ ಮಾಡಿದ್ದೆವು. ಹೊತ್ತು ಹೋಗುವುದೇ ಇಲ್ಲ.

ಅಲ್ಲಿ ನನಗೆ ಮಿಶೆಲ್ ಸಿಫ್ರ್ ನೆನಪಾದರು. ಫ್ರಾನ್ಸಿನ ಭೂವಿಜ್ಞಾನಿ. 1962ರಲ್ಲಿ ಆಲ್ಪ್ಸ್ ಬೆಟ್ಟದ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ, ಬಿಸಿಲು ಕಾಣದೆ ಎರಡು ತಿಂಗಳು ಒಬ್ಬರೇ ಇದ್ದರು. ಮಲಗುವಾಗ, ಏಳುವಾಗ ಮೇಲಿನವರಿಗೆ ಫೋನ್ ಮಾಡುತ್ತಿದ್ದರು. ಅವರು ಮಾತ್ರ ಹೊತ್ತು ಹೇಳುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತು ಅಂತ ಹೇಳಿದಾಗ, ಸಿಫ್ರ್ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಕಾಣೆ. ಸೆಕೆಂಡಿಗೆ ಒಂದರಂತೆ 120 ಎಣಿಸಲು ಹೇಳಿದರೆ ಐದು ನಿಮಿಷ ತೆಗೆದುಕೊಳ್ಳುತ್ತಿದ್ದರು.

ಗೆಳೆಯನಿಗೆ ಇದನ್ನು ಹೇಳಿದ್ದೇ ತಡ, ತಾನೂ ಎಣಿಸುತ್ತೇನೆ ಅಂದ. ಕಣ್ಣು ಮುಚ್ಚಿ ಕೂತ. ನಾನು ಕೈಗಡಿಯಾರ ನೋಡುತ್ತಿದ್ದೆ. ಅವನು "ಆಯ್ತು, ಎರಡು ನಿಮಿಷ" ಅಂದಾಗ ಒಂದೂವರೆಯೂ ಆಗಿರಲಿಲ್ಲ. ಸಿಫ್ರ್‌ಗೆ ತದ್ವಿರುದ್ಧ. ಅವರಿಗೆ ಕಾಯಬೇಕಾದ್ದು ಏನೂ ಇರಲಿಲ್ಲ, ನಾವು ಮಳೆ ನಿಲ್ಲಲಿ ಅಂತ ಕಾಯುತ್ತಿದ್ದೆವು. ನನಗೆ ತೋಚಿದ ಕಾರಣ ಇದು. ಗೆಳೆಯನ ಪ್ರಕಾರ ಕಾರಣ ಒದ್ದೆ ಸಾಕ್ಸು.

ಮಂಗಳವಾರ

ಮಂಗಳವಾರದ ಬಗ್ಗೆ ಜಾಸ್ತಿ ಇಲ್ಲ. ಎದ್ದೆವು, ಬ್ಯಾಗು ಕಟ್ಟಿದೆವು, ಓಡಿಸಿದೆವು, ನಿಂತೆವು, ಓಡಿಸಿದೆವು. ರಸ್ತೆ ಚೆನ್ನಾಗಿತ್ತು, ಹವೆಯೂ ಚೆನ್ನಾಗಿತ್ತು. ಬ್ಯಾಗು ಕಟ್ಟಲು ಈಗ ಐದು ನಿಮಿಷ ಸಾಕಾಗುತ್ತಿತ್ತು. ಕೈಗೆ ಎಲ್ಲ ಗೊತ್ತಾಗಿಬಿಟ್ಟಿತ್ತು. 'ಸಂಜೆಯೊಳಗೆ ಇಷ್ಟು ಕಿಲೋಮೀಟರ್ ಮುಗಿಸಬೇಕು' ಅಂತ ಬೆಳಿಗ್ಗೆ ಮಾತಾಡಿಕೊಂಡೆವು. ಮಧ್ಯಾಹ್ನ ಎಷ್ಟು ಉಳಿದಿದೆ ಅಂತ ನೋಡಿದೆವು. ಸಂಜೆ ಮುಗಿಯಿತು ಅಂದೆವು. ಬೈಕಿನ ಮೇಲೆ ಕೂತು ಆಫೀಸ್ ನಡೆಸಿದ ದಿನ.

ಬುಧವಾರ

ವಾಪಸ್ ಬರುವ ದಾರಿ ಯಾವಾಗಲೂ ಹತ್ತಿರ ಅನಿಸುತ್ತದೆ. ದಾರಿ ಪರಿಚಯವಾಗಿರುತ್ತದೆ, ಅದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನೆದರ್ಲೆಂಡ್ಸಿನ ಸಂಶೋಧಕರು 2011ರಲ್ಲಿ ಇದನ್ನು ಪರೀಕ್ಷಿಸಿದರು. ಸೈಕಲ್ ಹೊಡೆದು ಹೋದವರಲ್ಲಿ ಕೆಲವರನ್ನು ಅಷ್ಟೇ ಉದ್ದದ ಬೇರೆ ದಾರಿಯಲ್ಲಿ ವಾಪಸ್ ಕರೆತಂದರು. ಅವರಿಗೂ ವಾಪಸ್ ದಾರಿ ಚಿಕ್ಕದು ಅನಿಸಿತು. ಸಂಶೋಧಕರು ಕೊಡುವ ಕಾರಣ ನಿರೀಕ್ಷೆ. ಹೋಗುವಾಗ 'ಬೇಗ ತಲುಪುತ್ತೇವೆ' ಅಂದುಕೊಂಡಿರುತ್ತೇವೆ, ಅದಕ್ಕೆ ಉದ್ದವಾಗುತ್ತದೆ. ಬರುವಾಗ 'ಅಬ್ಬಾ, ಅಷ್ಟು ದೂರ' ಅಂತ ಹೊರಟಿರುತ್ತೇವೆ, ಅದಕ್ಕೆ ಚಿಕ್ಕದಾಗುತ್ತದೆ.

ನಾವೂ ಬೇರೆ ದಾರಿಯಲ್ಲೇ ಬಂದೆವು. ಮಧ್ಯಾಹ್ನದವರೆಗೆ ಅವರ ಮಾತು ನಿಜವಾಯಿತು. ಆಮೇಲೆ ರಸ್ತೆ ಕೆಲಸ. ಒಂದೇ ಸಾಲು, ನೆತ್ತಿಯ ಮೇಲೆ ಬಿಸಿಲು, ಕಾಲ ಬಳಿ ಇಂಜಿನ್ನಿನ ಕಾವು, ಮುಂದೆ ಬಸ್ಸಿನ ಹೊಗೆ. ಹೆಲ್ಮೆಟ್ಟಿನೊಳಗೆ ಬೆವರು ಕಿವಿಯ ಹಿಂದಿನಿಂದ ಇಳಿಯುವುದನ್ನು ಎಣಿಸಬಹುದಿತ್ತು. ನಲವತ್ತು ನಿಮಿಷ ಆಗಿರಬೇಕು ಅನಿಸಿತು. ಹದಿನೆಂಟು ಆಗಿತ್ತು.

ಮೈ ಬಿಸಿಯಾದರೆ ಒಳಗಿನ ಗಡಿಯಾರ ಬೇಗ ಓಡುತ್ತದೆ ಅನ್ನುವ ಒಂದು ಹಳೆಯ ವಾದ ಇದೆ. ಅಮೆರಿಕದ ಹಡ್ಸನ್ ಹೋಗ್ಲಂಡ್ ಎನ್ನುವ ವಿಜ್ಞಾನಿಯ ಹೆಂಡತಿಗೆ ಜ್ವರ ಬಂದಿತ್ತು. ಈ ಮಹಾಶಯರು ಆಕೆಗೆ ಸೆಕೆಂಡಿಗೆ ಒಂದರಂತೆ ಅರವತ್ತು ಎಣಿಸಲು ಹೇಳಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತರು. ಜ್ವರ ಏರಿದಷ್ಟೂ ಆಕೆ ಬೇಗ ಎಣಿಸಿ ಮುಗಿಸುತ್ತಿದ್ದರು. 1933ರಲ್ಲಿ ಅದನ್ನು ಪ್ರಕಟಿಸಿದರು. ಒಳಗಿನದು ಬೇಗ ಓಡಿದರೆ ಹೊರಗಿನದು ನಿಧಾನ ಅನಿಸಲೇಬೇಕು. ಜ್ವರದ ಹೆಂಡತಿಗೆ ಅವರು ಬೇರೇನು ಮಾಡಿದರೋ.

ರಸ್ತೆ ಕೆಲಸ ದಾಟಿ ಊರಿನ ಅಂಚು ಸೇರಿದಾಗ ಕತ್ತಲಾಗಿತ್ತು. ಸಿಗ್ನಲ್ಲಿನ ಕೆಂಪಂಕಿ 90ರಿಂದ ಇಳಿಯಲು ಶುರುವಾಯಿತು. ನಾನು ಅದನ್ನೇ ನೋಡುತ್ತ ನಿಂತೆ. ಸೆಕೆಂಡ್ ತೋರಿಸುವ ಸಿಗ್ನಲ್ ಇಟ್ಟವರು ಕಾಯುವುದು ಸುಲಭವಾಗಲಿ ಅಂತ ಇಟ್ಟಿರುತ್ತಾರೆ. ನನಗೆ ಮಾತ್ರ ಅದು 3:12 ಆಗಿತ್ತು.

ಗುರುವಾರ

"ಏನ್ರೀ, ಆಗಲೇ ಬಂದ್ಬಿಟ್ರಾ? ನಿನ್ನೆ ಮೊನ್ನೆ ಹೋದ ಹಾಗಿದೆ" ಅಂದರು ಪಕ್ಕದ ಮೇಜಿನವರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಮೂರು ದಿನ ನಿಜಕ್ಕೂ ಹಾಗೇ ಹೋಗಿತ್ತು. ನನಗೆ ನನ್ನ ಕುರ್ಚಿಯ ಎತ್ತರವೇ ಮರೆತುಹೋಗಿತ್ತು. ಇನ್ನೂರು ಚಿಲ್ಲರೆ ಇಮೇಲುಗಳು ಕಾಯುತ್ತಿದ್ದವು. ಮುಕ್ಕಾಲು ಪಾಲು ತಾವಾಗಿಯೇ ಬಗೆಹರಿದಿದ್ದವು.

ಬೈಕಿನಲ್ಲಿ ಸಮಯ ಹೀಗೆ, ಆಫೀಸಿನಲ್ಲಿ ಹಾಗೆ ಅಂತ ಎರಡು ಭಾಗ ಮಾಡಿ ಮುಗಿಸಬಹುದಿತ್ತು. ಆದರೆ ಅವತ್ತು ಮಧ್ಯಾಹ್ನ ಒಂದು ವರದಿಯ ಮೊತ್ತ ತಾಳೆಯಾಗಲಿಲ್ಲ. ಎರಡು ಕಡೆ ಒಂದೇ ಇರಬೇಕಾದ ಸಂಖ್ಯೆ, ಸ್ವಲ್ಪವೇ ಸ್ವಲ್ಪ ಬೇರೆ. ಹುಡುಕಲು ಕೂತೆ. ಒಂದು ಎಳೆ ಹಿಡಿದು ಹೋದರೆ ಅದು ಇನ್ನೊಂದಕ್ಕೆ ಒಯ್ಯುತ್ತಿತ್ತು. ಇದು ಸರಿ, ಹಾಗಾದರೆ ಅದು ತಪ್ಪಿರಬೇಕು. ಅದೂ ಸರಿ, ಹಾಗಾದರೆ ಎರಡರ ನಡುವೆ ಏನೋ ಇದೆ. ಸಿಕ್ಕಿತು. ದಿನಾಂಕ ಬದಲಾಗುವ ಹೊತ್ತನ್ನು ಎರಡು ಕಡೆ ಬೇರೆಬೇರೆಯಾಗಿ ಹಿಡಿದಿದ್ದರು. ತಲೆ ಎತ್ತಿದರೆ ದೀಪ ಹಚ್ಚಿದ್ದರು. ಪಕ್ಕದ ಮೇಜಿನವರು ಹೋಗಿದ್ದರು.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಆಪರೇಷನ್ ಮಾಡುವ ಡಾಕ್ಟರುಗಳು ಎಲ್ಲರನ್ನೂ ಮಾತಾಡಿಸಿ ಬರೆದದ್ದು ಇಂಥ ಹೊತ್ತಿನ ಬಗ್ಗೆಯೇ. ಕಷ್ಟ ಮತ್ತು ಕೈಚಳಕ ಒಂದಕ್ಕೊಂದು ಸಮನಾಗಿರಬೇಕು, ಮುಂದಿನ ಹೆಜ್ಜೆ ಏನು ಅಂತ ಗೊತ್ತಿರಬೇಕು, ಮಾಡಿದ್ದು ಸರಿಯಾಯಿತೋ ಇಲ್ಲವೋ ಕೂಡಲೇ ತಿಳಿಯಬೇಕು. ಹೇರ್‌ಪಿನ್ ತಿರುವಿನಲ್ಲಿ ಮೂರೂ ಇವೆ. ತಾಳೆಯಾಗದ ಮೊತ್ತದಲ್ಲೂ ಇವೆ. ನೇರ ಹೆದ್ದಾರಿಯಲ್ಲೂ ಮೀಟಿಂಗಿನಲ್ಲೂ ಇಲ್ಲ. ನನ್ನ ಮಟ್ಟಿಗೆ ಗೆರೆ ಬೀಳುವುದು ಅಲ್ಲಿ. ಬೈಕಿಗೂ ಆಫೀಸಿಗೂ ನಡುವೆ ಅಲ್ಲ.

ರಾತ್ರಿ ಗೆಳೆಯ ಫೋನ್ ಮಾಡಿದ. ಫೋಟೋಗಳನ್ನು ಜೋಡಿಸುತ್ತ ಕೂತಿದ್ದನಂತೆ.

"ಶನಿವಾರ ಒಂದು ದೊಡ್ಡ ಸೇತುವೆ ಮೇಲೆ ನಿಂತಿದ್ವಲ್ಲ, ಅಲ್ಲಿ ನಿನ್ನ ಫೋಟೋ ಚೆನ್ನಾಗಿ ಬಂದಿದೆ."

"ಯಾವ ಸೇತುವೆ?"

"ಹೈವೇನಲ್ಲಿ ಕಣೋ. ಕೆಳಗೆ ನದಿ. ನೀನು ಐದು ನಿಮಿಷ ನೋಡ್ತಾ ನಿಂತಿದ್ದೆ."

ಕಳಿಸಿದ. ನಾನೇ. ಹೆಲ್ಮೆಟ್ಟು ಕನ್ನಡಿಗೆ ನೇತುಹಾಕಿದ್ದೇನೆ, ಕಟಾಂಜನಕ್ಕೆ ಒರಗಿದ್ದೇನೆ, ನದಿ ನಿಜಕ್ಕೂ ದೊಡ್ಡದಿದೆ. ಸಮಯ 1:47. ನನಗೆ ಒಂದು ಹನಿಯೂ ನೆನಪಿಲ್ಲ.

ಮುಂದಿನ ಪ್ರವಾಸಕ್ಕೆ ಹೆದ್ದಾರಿಯೇ ಇಲ್ಲದ ಒಂದು ದಾರಿಯನ್ನು ಮ್ಯಾಪಿನಲ್ಲಿ ಎಳೆದು ಅವನಿಗೆ ಕಳಿಸಿದ್ದೇನೆ. ಅವನು ಲೆಕ್ಕ ಹಾಕಿ, ಇದಕ್ಕೆ ಎರಡು ದಿನ ಜಾಸ್ತಿ ರಜೆ ಬೇಕು, ನೀನೇ ಕೇಳು ಅಂದಿದ್ದಾನೆ. ನಾನು ಒಂದು ದಿನಕ್ಕೆ ಇಳಿಸಲು ನೋಡುತ್ತಿದ್ದೇನೆ. ಅವನು ಅಷ್ಟರಲ್ಲಿ ತೊಂಬತ್ತೈದಕ್ಕೆ ಒಪ್ಪಿಸುವ ಆಸೆಯಲ್ಲಿದ್ದಾನೆ.